ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆ: ನೇಮಕ, ಪೀಠ, ರಾಜೀನಾಮೆ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಗಲಗಲಿಯ ಪ್ರೌಢಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೆಯ ತರಗತಿಗೆ ನ್ಯಾಯಾಂಗದ ಪಾಠ ಮಾಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ನಾನು ವೀಕ್ಷಣಾ ನಮೂನೆ ತುಂಬುತ್ತಿದ್ದೆ. ಬೀಳಗಿಯ ಕೋರ್ಟು, ಬಾಗಲಕೋಟೆಯ ಜಿಲ್ಲಾ ನ್ಯಾಯಾಲಯ, ಧಾರವಾಡದ ಹೈಕೋರ್ಟ್ ಪೀಠ, ದೆಹಲಿಯ ಸುಪ್ರೀಂ ಕೋರ್ಟ್ ಎಂದು ಕಪ್ಪುಹಲಗೆಯ ಮೇಲೆ ಮೆಟ್ಟಿಲು ಚೆನ್ನಾಗಿಯೇ ಮೂಡಿತ್ತು. ಮುಳುಗಡೆ ಪರಿಹಾರದ ಕೇಸುಗಳಿಂದಾಗಿ ನಮ್ಮ ಭಾಗದ ಮಕ್ಕಳಿಗೆ ಮೇಲ್ಮನವಿ ಎಂಬುದು ಪುಸ್ತಕದ ಶಬ್ದವಲ್ಲ. ಮನೆಯಲ್ಲಿ ದಿನಾ ಕೇಳಿದ ಮಾತು. ನ್ಯಾಯಾಧೀಶರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ ಎಂದು ಪ್ರಶಿಕ್ಷಣಾರ್ಥಿ ಹೇಳಿದೊಡನೆ ಒಬ್ಬ ಹುಡುಗಿ ಎದ್ದು ನಿಂತು, ಸರ್ಕಾರದ ವಿರುದ್ಧವೇ ಕೇಸು ಹಾಕಿದರೆ ಸರ್ಕಾರ ನೇಮಿಸಿದ ಜಡ್ಜು ನಮ್ಮ ಕಡೆ ತೀರ್ಪು ಕೊಡುತ್ತಾರೆಯೇ ಎಂದು ಕೇಳಿದಳು. ಸಂವಿಧಾನದಲ್ಲಿ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಅವಕಾಶವಿದೆ ಎಂದು ಹೇಳಿ ಪ್ರಶಿಕ್ಷಣಾರ್ಥಿ ಮುಂದಿನ ಕಲಿಕಾಂಶಕ್ಕೆ ಹೋದರು. ಹುಡುಗಿ ಕುಳಿತಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಆ ಪ್ರಶ್ನೆಗೆ ಅನುಚ್ಛೇದದ ಸಂಖ್ಯೆ ಉತ್ತರವಾಗುವುದಿಲ್ಲ. ಒಬ್ಬ ಮನುಷ್ಯನ ಬದುಕನ್ನು ಇಟ್ಟು ಹೇಳಬೇಕಾಗುತ್ತದೆ. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರ ಬದುಕು ಅದಕ್ಕೆ ಒದಗುತ್ತದೆ ಎನಿಸಿ ಇದನ್ನು ಬರೆಯುತ್ತಿದ್ದೇನೆ. ಇಂದಿನ ಪ್ರಶಿಕ್ಷಣಾರ್ಥಿಗಳಿಗೆ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ಹೆಸರು ಗೊತ್ತು. ಇವರು ಅವರ ತಂದೆ.

ಸದಾನಂದ ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ದಕ್ಷಿಣ ಕನ್ನಡದ ಕಾರ್ಕಳ ತಾಲ್ಲೂಕಿನ ಕೌಡೂರು ಎಂಬ ಹಳ್ಳಿಯಲ್ಲಿ. ಆಗ ಆ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ಕಾರ್ಕಳ, ಮಂಗಳೂರಿನ ಓದು ಮುಗಿದ ಮೇಲೆ ಮುಂದಿನ ದಾರಿ ಮದ್ರಾಸಿನದು. ನಮ್ಮ ಬಿಜಾಪುರ ಜಿಲ್ಲೆಯ ಹುಡುಗರು ಧಾರವಾಡ, ಪುಣೆ, ಮುಂಬಯಿ ಎಂದು ಹೋಗುತ್ತಿದ್ದ ಕಾಲವದು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಯ ಲಾ ಕಾಲೇಜು ಇವರ ಓದಿನ ಮನೆಗಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಾನೂನು ಪದವಿ ಪಡೆದು ವಕೀಲರಾದರು. ಸ್ವಾತಂತ್ರ್ಯ ಬಂದ ವರ್ಷದಿಂದ 1951ರವರೆಗೆ ಜಿಲ್ಲೆಯಲ್ಲಿ ಸರ್ಕಾರಿ ವಕೀಲರಾಗಿ, ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಕೆಲಸ ಮಾಡಿದರು.

1952ರಲ್ಲಿ ರಾಜ್ಯಸಭೆ ಮೊದಲ ಬಾರಿಗೆ ರಚನೆಯಾದಾಗ ಹೆಗ್ಡೆಯವರು ಕಾಂಗ್ರೆಸ್ಸಿನಿಂದ ಅದರ ಸದಸ್ಯರಾದರು. 1954ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಹೋದ ಭಾರತದ ನಿಯೋಗದಲ್ಲಿ ಬದಲಿ ಪ್ರತಿನಿಧಿಯಾಗಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಮದ್ರಾಸಿನಿಂದ ಅವರ ಕೌಡೂರು, ಮುಂಬಯಿಯಿಂದ ನಮ್ಮ ಗಲಗಲಿ ಒಂದೇ ದಿನ ಮೈಸೂರು ರಾಜ್ಯಕ್ಕೆ ಬಂದವು. ಹೊಸ ರಾಜ್ಯದ ಹೈಕೋರ್ಟಿಗೆ ನ್ಯಾಯಾಧೀಶರು ಬೇಕಾಗಿದ್ದರು. 1957ರ ಆಗಸ್ಟಿನಲ್ಲಿ ಹೆಗ್ಡೆಯವರು ರಾಜ್ಯಸಭೆಗೆ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಆಗ ವಯಸ್ಸು 48.

ಇಲ್ಲಿ ನಿಲ್ಲಬೇಕು. ಆಳುವ ಪಕ್ಷದ ಸಂಸತ್ ಸದಸ್ಯರೊಬ್ಬರು ನೇರವಾಗಿ ಹೈಕೋರ್ಟಿನ ಪೀಠಕ್ಕೆ ಹೋದರು. ಗಲಗಲಿಯ ಹುಡುಗಿ ಕೇಳಿದ ಪ್ರಶ್ನೆಯನ್ನು ಅಂದು ಯಾರಾದರೂ ಇವರ ಬಗ್ಗೆಯೇ ಕೇಳಿದ್ದರೆ ತಪ್ಪೇನೂ ಇರಲಿಲ್ಲ. ಮಹನೀಯರ ಜೀವನ ಹೇಳುವಾಗ ಇಂಥ ಸಂಗತಿಯನ್ನು ಒಂದು ವಾಕ್ಯದಲ್ಲಿ ಹಾಯಿಸಿಬಿಡುವ ಅಭ್ಯಾಸ ನಮಗಿದೆ. ಹಾಗೆ ಮಾಡಿದರೆ ಮುಂದಿನ ಕಥೆಯ ಅರ್ಧ ತೂಕ ಕಳೆದುಹೋಗುತ್ತದೆ. ಪಕ್ಷದ ಟಿಕೆಟಿನಿಂದ ಬಂದ ಮನುಷ್ಯ ಪೀಠದ ಮೇಲೆ ಕುಳಿತ ಮೇಲೆ ಏನು ಮಾಡಿದರು ಎಂಬುದೇ ಇಲ್ಲಿ ನೋಡಬೇಕಾದದ್ದು.

ಒಂಬತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದರು. 1966ರ ಅಕ್ಟೋಬರ್ 31ರಂದು ದೆಹಲಿಗೆ ಪ್ರತ್ಯೇಕ ಹೈಕೋರ್ಟ್ ಬಂದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಹೆಗ್ಡೆಯವರೇ. ಆರಂಭದಲ್ಲಿ ಅಲ್ಲಿದ್ದದ್ದು ಅವರನ್ನು ಸೇರಿಸಿ ನಾಲ್ಕೇ ನ್ಯಾಯಮೂರ್ತಿಗಳು. ಅವರಲ್ಲಿ ಒಬ್ಬರು ಎಚ್. ಆರ್. ಖನ್ನಾ. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ದೆಹಲಿಯಲ್ಲಿ ಒಂದು ವರ್ಷವೂ ಆಗಲಿಲ್ಲ, 1967ರ ಜುಲೈ 17ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನೇಮಕವಾಯಿತು.

ಸುಪ್ರೀಂ ಕೋರ್ಟಿನಲ್ಲಿ ಅವರು ಬರೆದ ತೀರ್ಪುಗಳಲ್ಲಿ ತರಗತಿಗೆ ಅತ್ಯಂತ ಹೊಂದುವುದು 1969ರ ಕ್ರೈಪಾಕ್ ಪ್ರಕರಣ. ಸಂಗತಿ ಸರಳ. ಭಾರತೀಯ ಅರಣ್ಯ ಸೇವೆ ಹೊಸದಾಗಿ ಆರಂಭವಾಗಿತ್ತು. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳಿಂದ ಅದಕ್ಕೆ ಆಯ್ಕೆ ಮಾಡಲು ಒಂದು ಮಂಡಳಿ ಕೂತಿತು. ಆ ರಾಜ್ಯದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆ ಮಂಡಳಿಯ ಸದಸ್ಯರು. ಅವರೇ ಅಭ್ಯರ್ಥಿ ಕೂಡ! ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ದರು. ಪಟ್ಟಿ ಸಿದ್ಧವಾದಾಗ ಅವರ ಹೆಸರು ಎಲ್ಲರಿಗಿಂತ ಮೇಲಿತ್ತು.

ಇದು ಆಡಳಿತದ ಕೆಲಸ, ನ್ಯಾಯಾಲಯದ ವಿಚಾರಣೆಯಲ್ಲ, ಆದ್ದರಿಂದ ಸಹಜ ನ್ಯಾಯದ ನಿಯಮ ಇಲ್ಲಿ ಅನ್ವಯಿಸುವುದಿಲ್ಲ ಎಂಬುದು ಸರ್ಕಾರದ ಕಡೆಯ ವಾದ. ಪೀಠದ ಪರವಾಗಿ ಹೆಗ್ಡೆಯವರು ತೀರ್ಪು ಬರೆದರು. ಯಾರೂ ತಮ್ಮ ವಿಷಯಕ್ಕೆ ತಾವೇ ನ್ಯಾಯಾಧೀಶರಾಗಬಾರದು ಎಂಬ ನಿಯಮ ಆಡಳಿತದ ನಿರ್ಣಯಗಳಿಗೂ ಸಲ್ಲುತ್ತದೆ, ಆ ಅಧಿಕಾರಿ ನಿಜವಾಗಿಯೂ ಪಕ್ಷಪಾತ ಮಾಡಿದರೆಂದು ಸಾಬೀತು ಮಾಡಬೇಕಾಗಿಲ್ಲ, ಪಕ್ಷಪಾತಕ್ಕೆ ಸಮಂಜಸವಾದ ಸಾಧ್ಯತೆ ಇದ್ದರೆ ಸಾಕು ಎಂಬುದು ಅದರ ತಿರುಳು. ಆಯ್ಕೆ ರದ್ದಾಯಿತು. ಈ ದೇಶದ ಯಾವ ಕಚೇರಿಯಲ್ಲೇ ನೇಮಕಾತಿಯ ತಕರಾರು ಬಂದರೂ ಇಂದಿಗೂ ವಕೀಲರು ಮೊದಲು ಹುಡುಕುವ ತೀರ್ಪುಗಳಲ್ಲಿ ಇದೊಂದು.

ಮಕ್ಕಳಿಗೆ ಇದನ್ನು ಹೇಳುವುದು ಕಷ್ಟವಲ್ಲ. ಭಾಷಣ ಸ್ಪರ್ಧೆಗೆ ನಿರ್ಣಾಯಕರಾಗಿ ಕೂತ ಗುರುಗಳ ಮಗಳೇ ಸ್ಪರ್ಧಿ. ಅವಳು ಮಾತಾಡುವಾಗ ಗುರುಗಳು ಅಂಕ ಹಾಕದೆ ಪೆನ್ನು ಕೆಳಗಿಟ್ಟರು, ಉಳಿದ ಮಕ್ಕಳಿಗೆಲ್ಲ ಅಂಕ ಹಾಕಿದರು. ನ್ಯಾಯವಾಯಿತೇ? ಎಂಟನೆಯ ತರಗತಿಯ ಮಕ್ಕಳೂ ಇದಕ್ಕೆ ಸರಿಯಾದ ಉತ್ತರ ಕೊಡುತ್ತಾರೆ. ಶಾಲೆಗಳಲ್ಲಿ ಇಂಥ ಸ್ಪರ್ಧೆಗಳನ್ನು ಕಂಡಿರುವ ನಮಗೂ ಉತ್ತರ ಗೊತ್ತು.

ಆ ವರ್ಷಗಳಲ್ಲಿ ಸರ್ಕಾರಕ್ಕೂ ಸುಪ್ರೀಂ ಕೋರ್ಟಿಗೂ ಒಂದೊಂದಾಗಿ ಘರ್ಷಣೆ ಬೆಳೆಯುತ್ತಿತ್ತು. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1970ರ ಫೆಬ್ರವರಿಯಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಕಾಯಿದೆಯನ್ನು ರದ್ದು ಮಾಡಿತು. ಭಿನ್ನಮತ ಒಬ್ಬರದೇ, ನ್ಯಾಯಮೂರ್ತಿ ಎ. ಎನ್. ರೇ ಅವರದು. ಅದೇ ವರ್ಷ ಸರ್ಕಾರ ಮಾಜಿ ಅರಸರ ಮಾನ್ಯತೆಯನ್ನು ಹಿಂತೆಗೆದು ರಾಜಧನ ನಿಲ್ಲಿಸಹೊರಟಿತು. ನಮ್ಮ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು 1948ರಲ್ಲಿ ಸಂಸ್ಥಾನ ಬಿಟ್ಟುಕೊಟ್ಟಾಗ ಪಡೆದ ಭರವಸೆಯೂ ಅದರಲ್ಲಿ ಸೇರಿತ್ತು ಎಂದು ಹೇಳಿದರೆ ಇಲ್ಲಿಯ ಮಕ್ಕಳಿಗೆ ವಿಷಯ ಹತ್ತಿರವಾಗುತ್ತದೆ. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೂ ರದ್ದು ಮಾಡಿತು. ಹೆಗ್ಡೆಯವರು ಎರಡೂ ಪೀಠಗಳಲ್ಲಿ ಬಹುಮತದ ಕಡೆ ಇದ್ದರು. ರೇ ಅವರು ಇಲ್ಲೂ ಸರ್ಕಾರದ ನಿಲುವಿನ ಕಡೆ.

ಒಂದು ಎಚ್ಚರಿಕೆ ಹೇಳಬೇಕು. ಈ ಎರಡು ತೀರ್ಪುಗಳನ್ನು ಬಡವರ ವಿರುದ್ಧದ ತೀರ್ಪುಗಳೆಂದು ಅಂದು ಅನೇಕರು ಪ್ರಾಮಾಣಿಕವಾಗಿಯೇ ಭಾವಿಸಿದ್ದರು. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆ ಸಿಕ್ಕ ದೊಡ್ಡ ಗೆಲುವಿನ ಹಿಂದೆ ಆ ಭಾವನೆಯೂ ಇತ್ತು. ರಾಜಧನವನ್ನು ಮುಂದೆ ಸಂವಿಧಾನ ತಿದ್ದುಪಡಿಯ ಮೂಲಕ ನಿಲ್ಲಿಸಲಾಯಿತು. ಸರ್ಕಾರದ ಕಡೆಯವರೆಲ್ಲ ದುಷ್ಟರು, ಕೋರ್ಟಿನ ಕಡೆಯವರೆಲ್ಲ ಸಜ್ಜನರು ಎಂದು ಪಾಠ ಮಾಡುವುದು ಸುಲಭ, ಆದರೆ ಸುಳ್ಳು.

1972ರ ಮಾರ್ಚಿನಲ್ಲಿ ಇನ್ನೊಂದು ಚಿಕ್ಕ ಪ್ರಕರಣ ಹೆಗ್ಡೆಯವರ ಪೀಠದ ಮುಂದೆ ಬಂತು. ರಾಯ್‌ಬರೇಲಿಯಲ್ಲಿ ಪ್ರಧಾನಿಯವರ ಎದುರು ಸೋತ ರಾಜನಾರಾಯಣ್ ಅಲಹಾಬಾದ್ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಹೂಡಿದ್ದರು. ಪ್ರಧಾನಿಯವರು ಯಾವ ದಿನದಿಂದ ಅಭ್ಯರ್ಥಿ ಎಂದು ಎಣಿಸಬೇಕು ಎಂಬ ವಿಚಾರಾಂಶವನ್ನು ಅಲ್ಲಿ ಕೈಬಿಡಲಾಗಿತ್ತು. ಅದನ್ನು ಸೇರಿಸಿ ವಿಚಾರಣೆ ಮಾಡಬೇಕೆಂದು ಹೆಗ್ಡೆಯವರು ತೀರ್ಪು ಕೊಟ್ಟರು. ಅಂದು ಯಾರ ಗಮನವನ್ನೂ ಹೆಚ್ಚು ಸೆಳೆಯದ ಆ ವಿಚಾರಾಂಶ 1975ರ ಜೂನ್ 12ರ ಅಲಹಾಬಾದ್ ತೀರ್ಪಿನಲ್ಲಿ ಮುಖ್ಯವಾಯಿತು.

ಇನ್ನು ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಕನ್ನಡದವರೇ, ಕೇರಳದ ಭೂ ಸುಧಾರಣಾ ಕಾಯಿದೆಯಿಂದ ಮಠದ ಜಮೀನು ಹೋಗುತ್ತದೆಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಮೇಲೆ ಬಂದ 24, 25 ಮತ್ತು 29ನೆಯ ತಿದ್ದುಪಡಿಗಳ ಪ್ರಶ್ನೆಯೂ ಸೇರಿ ಮಠದ ಜಮೀನಿನ ಮಾತು ಹಿಂದೆ ಸರಿಯಿತು. ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬುದು ಮುಂದೆ ಬಂತು. 13 ನ್ಯಾಯಮೂರ್ತಿಗಳ ಪೀಠ 1972ರ ಅಕ್ಟೋಬರ್ ಕೊನೆಯಿಂದ 1973ರ ಮಾರ್ಚ್‌ವರೆಗೆ 68 ದಿನ ವಾದ ಕೇಳಿತು. ಏಪ್ರಿಲ್ 24ರಂದು 7–6ರ ಅಂತರದಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಕೂಡಿ ಬರೆದ ತೀರ್ಪು ಆ ಏಳರ ಕಡೆಯದು. ನ್ಯಾಯಮೂರ್ತಿಗಳಾದ ಶೇಲತ್ ಮತ್ತು ಗ್ರೋವರ್ ಜೊತೆಯಾಗಿ ಬರೆದದ್ದೂ ಅದೇ ಕಡೆ. ಖನ್ನಾ ಅವರೂ ಅದೇ ಕಡೆ. ರೇ ಅವರು ಆರರ ಕಡೆ.

ಮರುದಿನ, ಏಪ್ರಿಲ್ 25, ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಿವೃತ್ತಿ. ಸೇವಾಹಿರಿತನದ ಸಾಲಿನಲ್ಲಿ ಅವರ ನಂತರ ಶೇಲತ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್, ನಾಲ್ಕನೆಯವರು ರೇ. ಅತ್ಯಂತ ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗುವುದು ನಡೆದುಬಂದ ಪದ್ಧತಿ. 1964ರಲ್ಲಿ ಒಮ್ಮೆ ಮಾತ್ರ ನ್ಯಾಯಮೂರ್ತಿ ಇಮಾಂ ಅವರ ಅನಾರೋಗ್ಯದ ಕಾರಣ ಅದು ತಪ್ಪಿತ್ತು. ಅಂದು ಮುಖ್ಯ ನ್ಯಾಯಮೂರ್ತಿಯಾದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಗಜೇಂದ್ರಗಡಕರ್. ಹೆಸರಿನಲ್ಲೇ ನಮ್ಮ ಪಕ್ಕದ ಊರಿದೆ. ಆದರೆ 1973ರಲ್ಲಿ ಯಾರಿಗೂ ಅನಾರೋಗ್ಯವಿರಲಿಲ್ಲ. 25ರ ಸಂಜೆ ಆಕಾಶವಾಣಿಯಲ್ಲಿ ಸುದ್ದಿ ಬಂತು. ಮುಂದಿನ ಮುಖ್ಯ ನ್ಯಾಯಮೂರ್ತಿ ರೇ. 26ರಂದು ಅವರ ಪ್ರಮಾಣವಚನವೂ ಆಯಿತು.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಸುಪ್ರೀಂ ಕೋರ್ಟಿನಲ್ಲಿ ನಿವೃತ್ತಿ ವಯಸ್ಸು 65. ಶೇಲತ್ ಅವರಿಗೆ ಉಳಿದಿದ್ದದ್ದು ಮೂರು ತಿಂಗಳಿಗೂ ಕಡಿಮೆ, 1973ರ ಜುಲೈವರೆಗೆ. ಆಮೇಲೆ ಹೆಗ್ಡೆಯವರು 1974ರ ಜೂನ್‌ವರೆಗೆ, ಸುಮಾರು 11 ತಿಂಗಳು ಮುಖ್ಯ ನ್ಯಾಯಮೂರ್ತಿ ಆಗಿರುತ್ತಿದ್ದರು. ಆಮೇಲೆ ಗ್ರೋವರ್ 1977ರ ಫೆಬ್ರವರಿಯವರೆಗೆ. ರೇ ಅವರ ನಿವೃತ್ತಿ ಅದಕ್ಕೂ ಮೊದಲೇ, 1977ರ ಜನವರಿಯಲ್ಲಿ. ಅಂದರೆ ಪದ್ಧತಿಯಂತೆ ನಡೆದಿದ್ದರೆ ರೇ ಅವರಿಗೆ ಆ ಸ್ಥಾನ ಬರುತ್ತಲೇ ಇರಲಿಲ್ಲ. ಗಣಿತದ ಗುರುಗಳೊಡನೆ ಸೇರಿ ಮಾಡಿಸಬಹುದಾದ ಚಟುವಟಿಕೆ ಇದು. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಹೆಸರು ಮತ್ತು ನಿವೃತ್ತಿಯ ತಿಂಗಳು ಬರೆದ ಚೀಟಿ ಕೊಟ್ಟು, ಕೊನೆಯವನನ್ನು ಮುಂದೆ ಕರೆಯಬೇಕು. ನಡುವೆ ನಿಂತ ಮೂವರು ಮಕ್ಕಳ ಮುಖ ನೋಡಿದರೆ ಸಾಕು.

ಸರ್ಕಾರಕ್ಕೂ ಒಂದು ವಾದವಿತ್ತು, ಅದನ್ನು ಮುಚ್ಚಿಡಬಾರದು. ಸೇವಾಹಿರಿತನ ಸಂವಿಧಾನದಲ್ಲಿ ಬರೆದ ನಿಯಮವಲ್ಲ. ಮುಖ್ಯ ನ್ಯಾಯಮೂರ್ತಿಯ ನೇಮಕಕ್ಕೆ ಹಿರಿತನವೊಂದೇ ಅಳತೆಯಾಗಬಾರದು ಎಂದು ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ 1958ರಲ್ಲೇ ಹೇಳಿತ್ತು. ಉಕ್ಕು ಮತ್ತು ಗಣಿ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ಅದನ್ನು ಎತ್ತಿ ಹೇಳಿದರು. ಜೊತೆಗೆ ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯನ್ನೂ ಸರ್ಕಾರ ನೋಡಬೇಕಾಗುತ್ತದೆ ಎಂದರು. ಆಯೋಗ ಹೇಳಿದ್ದು ಆಡಳಿತ ಸಾಮರ್ಥ್ಯ, ಅರ್ಹತೆಗಳ ಮಾತು. ಆಳುವವರ ಧೋರಣೆಗೆ ಹೊಂದುವ ಮನಸ್ಸಿನ ಮಾತಲ್ಲ. ಈ ಎರಡರ ನಡುವಿನ ಅಂತರದಲ್ಲೇ ಇಡೀ ವಿವಾದವಿದೆ ಎಂದು ನನಗನಿಸುತ್ತದೆ. ಸುಪ್ರೀಂ ಕೋರ್ಟಿನಲ್ಲಿ ಅತಿ ಹೆಚ್ಚು ಮೊಕದ್ದಮೆ ನಡೆಸುವ ಕಕ್ಷಿದಾರ ಸರ್ಕಾರವೇ. ತೀರ್ಪು ಬಂದ ಮರುದಿನವೇ ಆ ಕಕ್ಷಿದಾರ ತನ್ನ ಕಡೆ ಬರೆಯದ ಮೂವರನ್ನು ದಾಟಿ ತನ್ನ ಕಡೆ ಬರೆದ ಒಬ್ಬರನ್ನು ಆರಿಸಿದರೆ, ಅದು ಕ್ರೈಪಾಕ್ ಪ್ರಕರಣದ ಆಯ್ಕೆ ಮಂಡಳಿಯನ್ನೇ ನೆನಪಿಸುತ್ತದೆ. ಪಕ್ಷಪಾತಕ್ಕೆ ಸಮಂಜಸ ಸಾಧ್ಯತೆ ಇದ್ದರೆ ಸಾಕು ಎಂದು ನಾಲ್ಕು ವರ್ಷ ಹಿಂದೆ ಬರೆದವರೇ ಈಗ ಪಟ್ಟಿಯಿಂದ ಹೊರಗುಳಿದವರಾಗಿದ್ದರು.

ಹೆಗ್ಡೆಯವರು ಏಪ್ರಿಲ್ 30ರಂದು ರಾಜೀನಾಮೆ ಕೊಟ್ಟರು. ಶೇಲತ್, ಗ್ರೋವರ್ ಕೂಡ ಕೊಟ್ಟರು. ಹೆಗ್ಡೆಯವರು ಮೌನವಾಗಿ ಹೋಗಲಿಲ್ಲ. ನ್ಯಾಯಾಂಗಕ್ಕೆ ಒದಗಿದ ಬಿಕ್ಕಟ್ಟಿನ ಬಗ್ಗೆ ಊರೂರಿನಲ್ಲಿ ಮಾತಾಡಿದರು, ಪುಸ್ತಕವನ್ನೂ ಬರೆದರು. 1977ರ ಚುನಾವಣೆಯಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದಕ್ಕೇ ಸಿಕ್ಕಿದ್ದವು. ಉಳಿದ ಎರಡರಲ್ಲಿ ಒಂದು ಇವರದು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಸ್ಥಾನಕ್ಕಾಗಿ ಸ್ಪೀಕರ್ ಹುದ್ದೆ ಬಿಟ್ಟಾಗ, 1977ರ ಜುಲೈ 21ರಂದು ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದರು. 1978ರ ಡಿಸೆಂಬರಿನಲ್ಲಿ ಸದನ ಹಕ್ಕುಚ್ಯುತಿಯ ಪ್ರಕರಣದಲ್ಲಿ ಇಂದಿರಾ ಗಾಂಧಿಯವರ ಸದಸ್ಯತ್ವ ರದ್ದು ಮಾಡಿ ಅಧಿವೇಶನ ಮುಗಿಯುವವರೆಗೆ ಸೆರೆಗೆ ಕಳಿಸಿದಾಗ ಸ್ಪೀಕರ್ ಆಗಿದ್ದವರು ಇವರೇ. ಮುಂದಿನ ಲೋಕಸಭೆ 1981ರಲ್ಲಿ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು.

ಪಕ್ಷದಿಂದ ಪೀಠಕ್ಕೆ ಬಂದು, ಪೀಠದಿಂದ ಮತ್ತೆ ಪಕ್ಷಕ್ಕೆ ಹೋದದ್ದು ಸರಿಯೇ? ಅವರ ವಿರೋಧಿಗಳಿಗೆ ಅದೊಂದು ಆಯುಧವಾಯಿತು ಎಂಬುದು ನಿಜ. ನ್ಯಾಯಾಧೀಶರಾಗಿದ್ದಾಗಲೂ ರಾಜಕೀಯ ಮನಸ್ಸೇ ಇತ್ತು ಎಂದು ಹೇಳಲು ದಾರಿಯಾಯಿತು. ಆದರೆ ಪೀಠದ ಮೇಲಿದ್ದ ಹದಿನೈದೂವರೆ ವರ್ಷ ಅವರು ತಮ್ಮನ್ನು ರಾಜ್ಯಸಭೆಗೆ ಕಳಿಸಿದ ಪಕ್ಷದ ಸರ್ಕಾರದ ಕೆಳಗೇ ಇದ್ದರು, ಮುಖ್ಯ ನ್ಯಾಯಮೂರ್ತಿ ಸ್ಥಾನ ಇನ್ನೇನು ಹತ್ತಿರ ಎಂದಿದ್ದಾಗ ಆ ಸರ್ಕಾರಕ್ಕೆ ಒಲ್ಲದ ತೀರ್ಪು ಬರೆದರು. ಇದನ್ನು ಮೊದಲು ಎಣಿಸಿ ಆಮೇಲೆ ಅದನ್ನು ಎಣಿಸಬೇಕೆಂಬುದು ನನ್ನ ಅಭಿಪ್ರಾಯ. ಭಿನ್ನವಾಗಿ ಎಣಿಸುವವರೂ ಇರಬಹುದು.

1980ರ ನಂತರ ಅವರು ಅಧಿಕಾರದ ರಾಜಕೀಯದಲ್ಲಿ ಹೆಚ್ಚು ಉಳಿಯಲಿಲ್ಲ. 1979ರಲ್ಲಿ ಕಾರ್ಕಳದ ಬಳಿಯ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯೊಂದನ್ನು ಆರಂಭಿಸಿದ್ದರು. ಇಂದು ಅದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. 1990ರ ಮೇ 24ರಂದು ತೀರಿಕೊಂಡರು.

ಪ್ರಶಿಕ್ಷಣಾರ್ಥಿಗೆ ಇಷ್ಟನ್ನು ಹೇಳಿ, ಎರಡು ದಿನದ ನಂತರ ಅದೇ ತರಗತಿಗೆ ಮತ್ತೆ ಕಳಿಸಿದೆ. ಈ ಸಲ ಪಾಠ ಯೋಜನೆಯಲ್ಲಿ ಒಂದೇ ಪ್ರಶ್ನೆಯಿತ್ತು: ಹೆಗ್ಡೆಯವರು ರಾಜೀನಾಮೆ ಕೊಡಬೇಕಿತ್ತೇ? ಮಕ್ಕಳು ಎರಡು ಗುಂಪಾದರು. ಅವಮಾನ ನುಂಗಿ ಕೂರುವುದು ಸರಿಯಲ್ಲ ಎಂದು ಕೆಲವರು. ಅವರು ಉಳಿದಿದ್ದರೆ ಒಂದು ಒಳ್ಳೆಯ ಮತ ಉಳಿಯುತ್ತಿತ್ತು ಎಂದು ಆ ಹುಡುಗಿಯ ಗುಂಪು. ಪ್ರಶಿಕ್ಷಣಾರ್ಥಿ ಆಗ ಹಲಗೆಯ ಮೇಲೆ ಮೂರು ಸಂಗತಿ ಬರೆದರು. ಉಳಿದಿದ್ದರೂ ಹೆಗ್ಡೆಯವರ ನಿವೃತ್ತಿ 1974ರ ಜೂನ್, ತುರ್ತುಪರಿಸ್ಥಿತಿಗೆ ಒಂದು ವರ್ಷ ಮೊದಲೇ. 1975ರ ನವೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ರೇ ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು 13 ಜನರ ಪೀಠ ಕೂರಿಸಿದರು, ಎರಡು ದಿನದ ವಾದದ ನಂತರ ಅದನ್ನು ವಿಸರ್ಜಿಸಿದರು. ಪೀಠದಲ್ಲೇ ಉಳಿದ ಖನ್ನಾ 1976ರಲ್ಲಿ ತುರ್ತುಪರಿಸ್ಥಿತಿಯ ಬಂಧಿತರ ಪರವಾಗಿ ಒಬ್ಬರೇ ಭಿನ್ನಮತ ಬರೆದರು, 1977ರ ಜನವರಿಯಲ್ಲಿ ಅವರನ್ನೂ ದಾಟಿ ಕಿರಿಯರನ್ನು ನೇಮಿಸಲಾಯಿತು, ಅವರೂ ರಾಜೀನಾಮೆ ಕೊಟ್ಟರು. ಇಂದು ನ್ಯಾಯಾಧೀಶರ ಹೆಸರುಗಳನ್ನು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಸೂಚಿಸುತ್ತದೆ, 1993ರಿಂದ ಹಾಗೆ ನಡೆದಿದೆ ಎಂದೂ ಸೇರಿಸಿದರು. ಆಗ ಆ ಹುಡುಗಿ ಮತ್ತೆ ಎದ್ದಳು. ಜಡ್ಜುಗಳೇ ಜಡ್ಜುಗಳನ್ನು ಆರಿಸಿದರೆ ಅದು ಅರಣ್ಯ ಇಲಾಖೆಯ ಆ ಸಾಹೇಬರ ಹಾಗೆ ಆಗುವುದಿಲ್ಲವೇ ಎಂದು ಕೇಳಿದಳು. ಅದಕ್ಕೆ ಮುಂದಿನ ಅವಧಿಯನ್ನು ಇಟ್ಟುಕೊಂಡಿದ್ದೇವೆ.